ತೊಗರಿ ಅಂಗಳದ ಮಟ್ಟ

ಆಳಂದದ ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲೆ ಗೋಣಿತಟ್ಟು ಹಾಸಿಕೊಂಡು, ಹೊಟ್ಟೆ ಅಡಿಯಾಗಿ ಮಲಗಿ, ಗಾಲಿಯ ಪಕ್ಕದಲ್ಲಿ ಬಿಗಿದು ಕಟ್ಟಿದ ದಾರವನ್ನು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ ಶಿವಪ್ರಕಾಶನಿಗೆ ಸುತ್ತಲಿನವರೆಲ್ಲ ಬರೀ ಕಾಲುಗಳಾಗಿ ಕಾಣುತ್ತಿದ್ದರು. ಅದು ಮುಜಮ್ಮಿಲನ ಕಾಲು. ತಂಡದ ನಾಯಕ ಅನ್ನಿಸಿಕೊಂಡವನಿಗೆ ಬೂಟಿನ ಲೇಸು ಕಟ್ಟಿಕೊಳ್ಳುವ ಪುರುಸೊತ್ತಿಲ್ಲ. ಇದು ಭಗವಂತನ ಕಾಲು. ಇಂಜಿನ್ನಿಗೆ ಕೈ ಹಾಕುವಾಗ ಹವಾಯಿ ಚಪ್ಪಲಿ ಹಾಕಬಾರದೆಂದು ಎಷ್ಟು ಸಲ ಹೇಳಿದರೂ ಕೇಳದೆ ಬೆರಳು ಬಿಟ್ಟುಕೊಂಡು ನಿಂತ ಕಾಲು. ಅತ್ತ ಬಿಳಿಯ ಕ್ಯಾನ್ವಾಸ್ ಬೂಟಿನಲ್ಲಿ, ಒಂದು ಕಡೆ ನಿಲ್ಲಲಾರದೆ ಹಿಮ್ಮಡಿ ಎತ್ತಿ ಇಳಿಸುತ್ತಿರುವವು ಫರಹೀನಳವು. ಮುಖ ಕಾಣದೆ ಹೋದರೆ ಈ ಜನರಲ್ಲಿ ಕಡಿಮೆಯಾಗುವುದು ಏನೂ ಇಲ್ಲ ಎಂದು ಅವನಿಗೆ ಅನಿಸಿತು. ಅನಿಸಿದ್ದು ಖುಷಿಯಾಗಿ, ಇನ್ನೊಂದು ಸಲ ಅನಿಸಿಕೊಂಡ. ಅಷ್ಟರಲ್ಲಿ ಮೇಲಿನಿಂದ ಭಗವಂತ, ಎಡಗಾಲಿ ಇನ್ನೂ ಸೊಟ್ಟ ಕಾಣುತ್ತದಲ್ಲ ಎಂದ. ಸೊಟ್ಟ ಅನ್ನಬಾರದು, ಗಾಲಿಯ ಆ ವಾಲಿಗೆ ಕ್ಯಾಂಬರ್ ಅನ್ನುತ್ತಾರೆ, ಮೂರನೇ ವರ್ಷದಲ್ಲೇ ಪಾಠ ಆಗಿದೆ, ನೀನು ಆವತ್ತು ಕ್ಲಾಸಿಗೆ ಬಂದಿರಲಿಕ್ಕಿಲ್ಲ ಎಂದು ಶಿವಪ್ರಕಾಶ ಮಲಗಿದಲ್ಲಿಂದಲೇ ತಿದ್ದಿದ. ಭಗವಂತನ ಕಾಲು ಅಲ್ಲಿಂದ ಸರಿದು ನೆರಳಿಗೆ ಹೋಯಿತು.

ಕಲಬುರಗಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇವರೆಲ್ಲ ಕೂಡಿ ವರ್ಷವಿಡೀ ಕಟ್ಟಿದ ಓಟದ ಕಾರು ಅದು. ಪೈಪು ಬೆಸೆದ ಹಂದರ, ಅದರ ಬೆನ್ನಿಗೆ ಮೋಟರ್ ಸೈಕಲಿನ ಇಂಜಿನ್ನು, ಒಬ್ಬರು ಕಾಲು ಚಾಚಿ ಅರೆ ಮಲಗಿ ಕೂರುವಷ್ಟೇ ಸೀಟು. ನಾಳೆ ಲಾರಿ ಏರಿದರೆ ನಾಡಿದ್ದು ಸ್ಪರ್ಧೆ. ದೇಶದ ಎಲ್ಲೆಲ್ಲಿಂದಲೋ ಕಾಲೇಜುಗಳು ಬರುತ್ತವೆ. ಆ ಕಾರುಗಳಿಗೆ ಬಣ್ಣ ಇರುತ್ತದೆ, ಇವರದಕ್ಕೆ ಕೆಂಪು ಪ್ರೈಮರು ಬಳಿದು ಬಿಟ್ಟಿದ್ದರು. ಉಳಿದಿದ್ದ ಕೆಲಸವೆಂದರೆ ಮುಂದಿನ ಗಾಲಿಗಳನ್ನು ಹೊಂದಿಸುವುದು. ಮೇಲಿನಿಂದ ನೋಡಿದರೆ ಎರಡೂ ಗಾಲಿ ಸೀದಾ ನಿಂತಿರಬೇಕು. ಎದುರಿನಿಂದ ನೋಡಿದರೆ ಎರಡೂ ತಲೆಯನ್ನು ತುಸುವೇ ಒಳಗೆ ವಾಲಿಸಿರಬೇಕು, ಎರಡೂ ಕಡೆ ಅಷ್ಟಕ್ಕಷ್ಟೇ. ಇದರಲ್ಲಿ ಹೆಚ್ಚುಕಡಿಮೆಯಾದರೆ ವೇಗ ಏರಿದಂತೆ ಕಾರು ತನಗೆ ಬೇಕಾದ ಕಡೆ ಎಳೆಯುತ್ತದೆ. ಇದನ್ನು ಅಳೆಯಲು ಸಪಾಟಾದ ನೆಲ ಬೇಕು. ಕಾಲೇಜಿನ ವರ್ಕ್‌ಶಾಪಿನ ನೆಲ ತೆಗ್ಗು ದಿನ್ನೆ. ಆಗ ಮುಜಮ್ಮಿಲನಿಗೆ ನೆನಪಾದದ್ದು ಶಿವಪ್ರಕಾಶನ ಅಪ್ಪನ ದಾಲ್ ಮಿಲ್ಲು, ಅದರ ಹಿಂದೆ ತೊಗರಿ ಹರವಿ ಒಣಗಿಸುವ ವಿಶಾಲವಾದ ಅಂಗಳ. ಅಪ್ಪ, ದೊಡ್ಡಪ್ಪ ಎಂಬುದು ಅವರ ಹೆಸರು, ಫೋನಿನಲ್ಲೇ ಎದೆ ಉಬ್ಬಿಸಿ, ಇಡೀ ತಾಲೂಕಿನಲ್ಲಿ ಇಷ್ಟು ಸಪಾಟ ಜಾಗ ಸಿಗುವುದಿಲ್ಲ, ಬರ್ರಿ ಎಂದಿದ್ದರು. ಪ್ರತಿ ವರ್ಷ ಮಿರುಗದ ಮಳೆಗೆ ಮುಂಚೆ ಹಿಂದಿನ ಗೋಡೆಯ ಗಟಾರ ಬಳಿಸುವ ಮನುಷ್ಯ, ತನ್ನ ಅಂಗಳದ ನೀರು ಯಾಕೆ ಅತ್ತಲೇ ಹರಿಯುತ್ತದೆಂದು ಒಂದು ಸಲವೂ ಯೋಚಿಸಿದವರಲ್ಲ. ತೊಗರಿಯ ರೇಟು ಬಿಟ್ಟು ಬೇರೇನನ್ನಾದರೂ ಅಪ್ಪ ಯೋಚಿಸಿದ್ದನ್ನು ಶಿವಪ್ರಕಾಶ ಕಂಡಿರಲಿಲ್ಲ.

ಕಾರಿನ ಸೀಟಿನಲ್ಲಿ ತೊಗರಿ ಚೀಲವೊಂದು ಬೆಲ್ಟು ಹಾಕಿಕೊಂಡು ಕೂತಿತ್ತು. ನಡೆಸುವವರ ಭಾರ ಬಿದ್ದಾಗಲೇ ಗಾಲಿ ತನ್ನ ನಿಜವಾದ ಜಾಗಕ್ಕೆ ಬರುವುದು. ಗಂಟೆಗಟ್ಟಲೆ ಮನುಷ್ಯರು ಬಿಸಿಲಲ್ಲಿ ಕೂರಲಾಗುವುದಿಲ್ಲವೆಂದು ಮಿಲ್ಲಿನ ತಕ್ಕಡಿಯಲ್ಲಿ ಫರಹೀನಳ ತೂಕಕ್ಕೆ ಸರಿಯಾಗಿ ಚೀಲ ತುಂಬಿ ಕೂರಿಸಿದ್ದರು. ಇಡೀ ತಂಡದಲ್ಲಿ ಅಭಿಪ್ರಾಯ ಹೇಳದ ಏಕೈಕ ಸದಸ್ಯ ಅದು. ಹೋದ ತಿಂಗಳವರೆಗೆ ಆ ಸೀಟು ಶಿವಪ್ರಕಾಶನದು. ಕಾಲೇಜಿನ ಮೈದಾನದಲ್ಲಿ ಡಬ್ಬಿ ನಿಲ್ಲಿಸಿ ಓಡಿಸಿ ನೋಡಿದಾಗ ಅವಳು ಅವನಿಗಿಂತ ಬೇಗ ಬಂದಳು. ಒಂದು ಸಲವಲ್ಲ, ಮೂರೂ ಸಲ. ಅಫಜಲಪುರದ ಆಚೆ ಭೀಮೆಯ ದಂಡೆಯ ಮಣ್ಣೂರಿನ ಹುಡುಗಿ, ಅಪ್ಪ ಕರೀಮಸಾಬರ ಟ್ರಾಕ್ಟರಿಗೆ ಕಬ್ಬು ಹೇರಿಕೊಂಡು ಕೆಸರಿನ ದಾರಿಯಲ್ಲಿ ಓಡಿಸಿದವಳು. ಕೈಗೆ ಗಾಡಿ ಏನು ಹೇಳುತ್ತದೆಂದು ಅವಳಿಗೆ ತಿಳಿಯುತ್ತದಂತೆ. ಹಾಗಂದವನು ಮುಜಮ್ಮಿಲ. ಬಸ್ ಸ್ಟ್ಯಾಂಡಿನ ಎದುರಿನ ಬಂಡಿಯಲ್ಲಿ ಮಿರ್ಚಿ ಭಜಿ ತಿನ್ನುತ್ತ, ಭಜಿಯ ತೊಟ್ಟನ್ನು ಪೇಪರಿಗೆ ಒರೆಸುತ್ತ, ಶಿವ್ಯಾ ಇನ್ನು ಮುಂದೆ ಫರಹೀನ ಓಡಿಸಲಿ, ನೀನು ಸ್ಟೇರಿಂಗ್ ನೋಡಿಕೋ, ನಿನಗೆ ಥಿಯರಿ ಛಲೋ ಬರುತ್ತದೆ ಎಂದಿದ್ದ. ಥಿಯರಿ. ಆ ಮಾತು ಹೇಳುವಾಗ ಅವನ ತುಟಿಗೆ ಖಾರ ಹತ್ತಿ ಸುರ್‍ ಎಂದಿತ್ತು. ಶಿವಪ್ರಕಾಶ ನಕ್ಕು, ಅದೇ ಒಳ್ಳೆಯದು, ನಾನೇ ಹೇಳಬೇಕೆಂದಿದ್ದೆ ಎಂದ. ನಾನೇ ಹೇಳಬೇಕೆಂದಿದ್ದೆ! ಆ ನಗುವನ್ನು ನೆನೆಸಿಕೊಂಡರೆ ಈಗಲೂ ಅವನ ಮೈ ಉರಿಯುತ್ತದೆ. ಜೇವರ್ಗಿ ತಾಲೂಕಿನ ಕೊಳಕೂರಿನಿಂದ ಹಾಸಿಗೆ ಸುತ್ತಿಕೊಂಡು ಹಾಸ್ಟೆಲಿಗೆ ಬಂದ ಮುಜಮ್ಮಿಲನಿಗೆ ಮೊದಲನೇ ವರ್ಷ ತ್ರಿಕೋನಮಿತಿ ಹೇಳಿಕೊಟ್ಟವನು ತಾನು. ಅವನೀಗ ಬೂಟಿನ ಲೇಸು ಬಿಚ್ಚಿಕೊಂಡೇ ತನ್ನ ತಲೆಯ ಹತ್ತಿರ ನಿಂತು ಆಜ್ಞೆ ಕೊಡುತ್ತಾನೆ, ಇವನು ಒಮ್ಮೆ ಅಂಗಾತ ಒಮ್ಮೆ ಬೋರಲಾಗಿ ಹೊರಳಿ ನಟ್ಟು ತಿರುಗಿಸುವ ಪಾನ ಹಿಡಿಯುತ್ತಾನೆ.

ಬೆಳಿಗ್ಗೆ ಕೆಲಸ ಶುರು ಮಾಡುವಾಗ ಮುಜಮ್ಮಿಲ ಒಂದು ಉದ್ದನೆಯ ಲೆವೆಲ್ ಪಟ್ಟಿ ತಂದಿದ್ದ, ಗೌಂಡಿಗಳು ಗೋಡೆ ಕಟ್ಟುವಾಗ ಇಟ್ಟು ನೋಡುವಂಥದ್ದು. ಕಾರಿನ ಉದ್ದಕ್ಕೆ ನೆಲದ ಮೇಲೆ ಅದನ್ನಿಟ್ಟು ಬಗ್ಗಿ ನೋಡಿದ. ಗುಳ್ಳೆ ನಟ್ಟ ನಡುವೆ ನಿಂತಿತು. ಶಹಭಾಸ್ ಎಂದುಕೊಂಡು ಪಟ್ಟಿಯನ್ನೆತ್ತಿ ಅಡ್ಡಕ್ಕೆ ತಿರುಗಿಸುವಷ್ಟರಲ್ಲಿ ಅವನ ಫೋನು ಬಂತು, ಲಾರಿಯವನದು. ಫೋನು ಕಿವಿಗಿಟ್ಟುಕೊಂಡೇ, ಮುಖ ಆಚೆ ತಿರುಗಿಸಿಕೊಂಡೇ, ಅಡ್ಡಕ್ಕೂ ಮಟ್ಟಸ ಐತೇನೋ ಎಂದು ಕೇಳಿದ. ಯಾರನ್ನು ಕೇಳಿದ? ಹೆಸರು ಹಿಡಿಯಲಿಲ್ಲ. ಗೇಟಿನ ವಾಚ್‌ಮನ್ನನಿಗೆ ಲಾರಿ ಬಂತೇನೋ ಎಂದು ಕೇಳುವ ಹಾಗೆ ಕೇಳಿದ. ಶಿವಪ್ರಕಾಶ ಹ್ಞೂಂ ಎಂದ.

ಮಟ್ಟಸ ಇರಲಿಲ್ಲ. ಕಾರು ನಿಂತ ಅಗಲಕ್ಕೆ ಒಂದು ಬೆರಳಿನಷ್ಟು ಇಳಿಕೆ, ಬಲಕ್ಕೆ, ಹಿಂದಿನ ಗೋಡೆಯ ಕಡೆಗೆ. ಅಜ್ಜ ಈ ಅಂಗಳ ಹಾಕಿಸಿದ ಹೊಸದರಲ್ಲಿ ಅಕಾಲದ ಮಳೆ ಬಂದು ಹರವಿದ ತೊಗರಿಯೆಲ್ಲ ನೀರಲ್ಲಿ ನಿಂತು ಮೊಳಕೆಯೊಡೆದಿತ್ತು. ಎರಡನೇ ಸಲ ಕಾಂಕ್ರೀಟು ಹಾಕಿಸುವಾಗ ಕಣ್ಣಿಗೆ ಕಾಣದ ಹಾಗೆ ಇಳಿಜಾರು ಕೊಡಿಸಿದರು. ಶಿವಪ್ರಕಾಶನಿಗೆ ಇದನ್ನು ಯಾರೂ ಹೇಳಿರಲಿಲ್ಲ, ಗೋಲಿ ಹೇಳಿತ್ತು. ಬೇಸಿಗೆಗೆ ಬರುವ ಕಾಕಾನ ಮಕ್ಕಳ ಜೊತೆ ಇಲ್ಲೇ ಗೋಲಿ ಆಡುವಾಗ, ಬಿಟ್ಟ ಗೋಲಿ ಸುಮ್ಮನೆ ನಿಲ್ಲದೆ ಯೋಚಿಸಿದಂತೆ ಮಾಡಿ, ನಿಧಾನಕ್ಕೆ ಗೋಡೆಯ ಕಡೆ ಹೊರಳುತ್ತಿತ್ತು. ಅವನು ಯಾವಾಗಲೂ ಗೇಟಿನ ಕಡೆ ಕೂತು ಗೋಡೆಯ ಕಡೆಗೇ ಹೊಡೆಯುತ್ತಿದ್ದ. ಅವರಿಗೆ ಎಂದೂ ತಿಳಿಯಲಿಲ್ಲ. ಅವರ ಗೋಲಿಗಳೆಲ್ಲ ಇವನ ಚಡ್ಡಿಯ ಕಿಸೆಯಲ್ಲಿ, ಅವರು ಅಳುತ್ತ ಅಜ್ಜಿಯ ಹತ್ತಿರ. ಗೆದ್ದದ್ದಕ್ಕಿಂತ, ನಾಲ್ಕು ಜನ ಒಂದೇ ನೆಲದ ಮೇಲೆ ಕೂತು ಅದರ ವಾಲು ಗೊತ್ತಿಲ್ಲದೆ ಇದ್ದಾರಲ್ಲ, ಆ ನೋಟ ಅವನಿಗೆ ರುಚಿಸುತ್ತಿತ್ತು. ಈಗಲೂ ಅದೇ ರುಚಿ ನಾಲಿಗೆಗೆ ಬಂತು. ಕಾರು ಬಲಕ್ಕೆ ವಾಲಿ ನಿಂತಿದೆ. ಗಾಲಿಗೆ ಮೊಬೈಲು ಒತ್ತಿ ಹಿಡಿದು ಕೋನ ಓದಿ, ತೆಳು ತಗಡು ಸೇರಿಸಿ, ತೆಗೆದು, ಎರಡೂ ಕಡೆ ಸರಿಸಮ ಮಾಡುತ್ತಾರೆ. ಆಮೇಲೆ ನಿಜವಾದ ಸಪಾಟ ರಸ್ತೆಗೆ ಹೋದಾಗ ಎರಡೂ ಗಾಲಿ ಎಡಕ್ಕೆ ವಾಲಿರುತ್ತವೆ, ಕಾರು ಎಡಕ್ಕೆ ಎಳೆಯುತ್ತದೆ. ಕೈಗೆ ಗಾಡಿ ಹೇಳುತ್ತದಲ್ಲ ಅವಳಿಗೆ, ಹೇಳಲಿ. ಏನಾದೀತು, ಒಂದೆರಡು ಸುತ್ತು ಸೊಟ್ಟಪಟ್ಟ ಓಡಿಸುತ್ತಾಳೆ, ಇವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಆಗ ನಾನು ಬಂದು ಲೆವೆಲ್ ಪಟ್ಟಿ ಅಡ್ಡಕ್ಕಿಟ್ಟು ತೋರಿಸುತ್ತೇನೆ. ಥಿಯರಿ ಅಂದರೆ ಇದು ಎನ್ನುತ್ತೇನೆ. ಅಷ್ಟೇ ಅವನ ಲೆಕ್ಕ. ಆದರೂ ಮಧ್ಯಾಹ್ನದವರೆಗೆ ಪ್ರತಿ ತಗಡು ಸೇರಿಸುವಾಗಲೂ ಒಮ್ಮೆ ಗೋಡೆಯ ಕಡೆ ನೋಡುತ್ತಿದ್ದ.

ಊಟಕ್ಕೆ ಅವ್ವ ಶಾರದಾಬಾಯಿ ಮಿಲ್ಲಿಗೇ ಬುತ್ತಿ ತಂದಿದ್ದರು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಕೆನೆ ಮೊಸರು. ಬರುತ್ತಲೇ ಎಲ್ಲರ ಊರು ಕೇಳಿದರು, ಭಗವಂತನಿಗೆ ಮಾತ್ರ ಅಡ್ಡಹೆಸರೂ ಕೇಳಿದರು. ಹೇಳಿದ. ಹೌದೇನಪ್ಪ ಎಂದು ಬಹಳ ಪ್ರೀತಿಯಿಂದ ತಲೆಯಾಡಿಸಿ, ಚೀಲದಿಂದ ಕಾಗದದ ತಟ್ಟೆ ತೆಗೆದು ಮೂವರಿಗೂ ಹಾಕಿದರು. ಶಿವಪ್ರಕಾಶನ ಮುಂದೆ ಮನೆಯ ಸ್ಟೀಲಿನ ಗಂಗಾಳ ಬಂತು. ಅದು ಬಂದದ್ದನ್ನು ಎಲ್ಲರೂ ಕಂಡರು, ಎಲ್ಲರೂ ರೊಟ್ಟಿ ಮುರಿಯುವುದರಲ್ಲಿ ತೊಡಗಿದರು. ನನಗೂ ಕಾಗದದ್ದೇ ಕೊಡು ಎಂದರೆ ಮುಗಿಯುತ್ತಿತ್ತು; ಅನ್ನಲಿಲ್ಲ. ಅಂದರೆ ವಿಷಯ ದೊಡ್ಡದಾಗುತ್ತದೆಂದು ತನಗೆ ತಾನೇ ಹೇಳಿಕೊಂಡ, ಅವ್ವನನ್ನು ಅಸಹ್ಯಪಟ್ಟುಕೊಂಡ, ಗಂಗಾಳದ ಅಂಚಿನ ಹೊಳಪನ್ನು ಅಸಹ್ಯಪಟ್ಟುಕೊಂಡ, ಅದರಲ್ಲೇ ಎರಡನೇ ಸಲ ಪಲ್ಯ ಹಾಕಿಸಿಕೊಂಡ. ಫರಹೀನ, ಛಲೋ ಆಯಿತು ಕಾಕು, ತೊಳೆಯುವ ತ್ರಾಸ ಇಲ್ಲ ಎಂದು ನಕ್ಕಳು. ಅವಳ ನಗುವಿನಲ್ಲಿ ಕುಹಕ ಹುಡುಕಿದ, ಸಿಗಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಒಂದು ಕ್ಷಣ, ನೆಲದ ವಾಲು ಹೇಳಿಬಿಡೋಣವೆಂದು ಬಾಯಿಗೇ ಬಂದಿತ್ತು. ಆದರೆ ಈಗ ಹೇಳಿದರೆ ಗಂಗಾಳದ ಪಾಪ ತೊಳೆಯಲು ಹೇಳಿದಂತಾಗುತ್ತದೆ. ಅವ್ವನ ತಪ್ಪಿಗೆ ತಾನು ದಂಡ ಕಟ್ಟುವುದೇ? ಮೊಸರು ಸುರಿದುಕೊಂಡು ಸುಮ್ಮನಾದ.

ಊರ ಹೊರಗೆ ಮಟಕಿ ರಸ್ತೆಯಲ್ಲಿ ಯಾರೋ ಹೊಲ ಕೊಂಡು ಪ್ಲಾಟು ಮಾಡಿ, ಕಮಾನು ಕಟ್ಟಿ, ಡಾಂಬರು ರಸ್ತೆ ಹಾಕಿ ಬಿಟ್ಟಿದ್ದರು. ಒಂದು ಮನೆಯೂ ಎದ್ದಿರಲಿಲ್ಲ. ಸಾಲಾಗಿ ನೆಟ್ಟ ನಂಬರಿನ ಕಲ್ಲು, ನಡುವೆ ಒಣಗಿದ ಗುಲ್‌ಮೊಹರ್ ಸಸಿ, ಪಾರ್ಕು ಎಂಬ ಬೋರ್ಡಿನ ಕೆಳಗೆ ಎಮ್ಮೆ. ಕಾರನ್ನು ಟ್ರಾಕ್ಟರಿನ ಟ್ರಾಲಿಯಲ್ಲಿ ಹೇರಿ ಅಲ್ಲಿಗೆ ಒಯ್ದರು. ದೊಡ್ಡಪ್ಪನವರು ಹೊರಡುವ ಮುಂಚೆ ನಾಲ್ಕೂ ಗಾಲಿಗೆ ವಿಭೂತಿ ಹಚ್ಚಿ ನಿಂಬೆಹಣ್ಣು ಇಟ್ಟಿದ್ದರು. ಗಾಲಿಯ ಕೋನ ಅಳೆಯಲು ಬಾರದವರಿಗೆ ನಿಂಬೆಹಣ್ಣು ಎಂದು ಶಿವಪ್ರಕಾಶ ಒಳಗೇ ನಕ್ಕ, ಆಮೇಲೆ ಇವತ್ತು ಅಳೆದವರು ಯಾರೆಂದು ನೆನಪಾಗಿ ನಗು ನಿಲ್ಲಿಸಿದ. ಫರಹೀನ ಹೆಲ್ಮೆಟ್ಟಿನೊಳಗೆ ಓಡ್ನಿ ತುರುಕಿಕೊಂಡು ಸೀಟಿನಲ್ಲಿ ಇಳಿದು ಕೂತಳು. ಬೆಲ್ಟು ಬಿಗಿಯುತ್ತಿದ್ದ ಅವನನ್ನು ನೋಡಿ, ಎಲ್ಲಾ ಬರೋಬ್ಬರಿ ಇದೆಯಲ್ಲ ಎಂದು ಕೇಳಿದಳು. ಬರೀ ಅಷ್ಟನ್ನೇ ಕೇಳಿದಳು, ನಂಬಿಕೊಂಡು ಕೇಳಿದಳು. ಅವನು ಗಾಲಿಯ ವಾಲು ಯಾಕೆ ಬೇಕು, ತಿರುವಿನಲ್ಲಿ ಹೊರಗಿನ ಗಾಲಿ ನೆಲವನ್ನು ಹೇಗೆ ಹಿಡಿಯುತ್ತದೆ ಎಂದು ವಿವರಿಸತೊಡಗಿದ. ಅವಳು ಮಧ್ಯದಲ್ಲೇ ಹೆಲ್ಮೆಟ್ಟಿನ ಗಾಜು ಇಳಿಸಿದಳು.

ಮೊದಲ ಸುತ್ತಿಗೇ ಕೈಯೆತ್ತಿ ನಿಲ್ಲಿಸಿ, ಎಡಕ್ಕೆ ಎಳೆಯುತ್ತಿದೆ ಎಂದಳು. ಮುಜಮ್ಮಿಲ ರಸ್ತೆ ನೋಡಿದ, ಟೈರಿನ ಹವಾ ನೋಡಿದ, ಬ್ರೇಕು ಮುಟ್ಟಿ ನೋಡಿದ, ಕಡೆಗೆ ಶಿವಪ್ರಕಾಶನ ಮುಖ ನೋಡಿದ. ಇದೋ, ಇದೇ ಆ ಗಳಿಗೆ. ಬೆಳಿಗ್ಗೆಯಿಂದ ಕಾದದ್ದು ಇದಕ್ಕೇ. ಹೇಳಬೇಕಾದ ಮಾತು ತುದಿ ನಾಲಿಗೆಯಲ್ಲಿ ಸಿದ್ಧವಾಗಿತ್ತು. ಆದರೆ ಮುಜಮ್ಮಿಲನ ಆ ನೋಟದಲ್ಲಿ ಇದ್ದದ್ದು ಪ್ರಶ್ನೆಯಲ್ಲ, ಅನುಮಾನ. ನೀನೇ ಏನಾದರೂ ಗಡಿಬಿಡಿ ಮಾಡಿದೆಯಾ ಎಂಬ ಅನುಮಾನ, ಅದೂ ಸಿಟ್ಟಿಲ್ಲದ, ಕನಿಕರ ಬೆರೆತ ಅನುಮಾನ. ಅದನ್ನು ಕಂಡದ್ದೇ ಶಿವಪ್ರಕಾಶನ ಬಾಯಿಯಿಂದ ಬೇರೆಯೇ ಮಾತು ಬಂತು.

"ಗಾಡಿ ಬರೋಬ್ಬರಿ ಅದ. ಅಕಿ ಟ್ರಾಕ್ಟರ್ ಹಿಡ್ದಂಗ ಹಿಡ್ಯಾಕತ್ತಾಳ. ಕೈ ಸಡ್ಲ ಬಿಡು, ತಾನ ಸೀದಾ ಹೋಗ್ತದ."

ಟ್ರಾಕ್ಟರ್ ಎಂದದ್ದಕ್ಕೆ ಅವಳ ಮುಖ ಹೆಲ್ಮೆಟ್ಟಿನೊಳಗೆ ಏನಾಯಿತೋ ಕಾಣಲಿಲ್ಲ. ತಲೆಯಾಡಿಸಿದಳು. ವಿಧೇಯಳಾಗಿ ಕೈ ಸಡಿಲ ಬಿಟ್ಟು ಹೊರಟಳು. ಕಾರು ಕಮಾನಿನ ಹತ್ತಿರ ತಿರುಗಿ ಉದ್ದನೆಯ ರಸ್ತೆಗೆ ಬಿದ್ದು ಸದ್ದು ಏರಿಸಿದಾಗ ಶಿವಪ್ರಕಾಶನಿಗೆ ಮೊದಲು ಕಂಡದ್ದು ಧೂಳು. ಎಡಗಾಲಿ ಡಾಂಬರಿನ ಅಂಚು ಇಳಿದು ಮಣ್ಣು ಎಬ್ಬಿಸುತ್ತ ಹೋಗುತ್ತಿತ್ತು. ಅವಳು ಮತ್ತೆ ಹಿಡಿದೆಳೆಯುವಷ್ಟರಲ್ಲಿ ಒಂದು ನಂಬರಿನ ಕಲ್ಲು ಗಾಲಿಗೆ ಸಿಕ್ಕು ಬುಡಸಮೇತ ಎದ್ದು ಬಿತ್ತು. ಸದ್ದು ಅಂಥ ದೊಡ್ಡದೇನಲ್ಲ, ಮನೆಯಲ್ಲಿ ಕೊಡ ಬಿದ್ದಷ್ಟು. ಮುಜಮ್ಮಿಲನೂ ಭಗವಂತನೂ ಓಡಿದರು. ಶಿವಪ್ರಕಾಶನೂ ಓಡಿದ. ಓಡುತ್ತಿರುವಾಗ ಅವನ ಮನಸ್ಸು ಅವಳು ಬದುಕಿರಲಿ ಎನ್ನಲಿಲ್ಲ. ಅವಳು ಹೆಲ್ಮೆಟ್ಟು ತೆಗೆದು ಮೊದಲು ನೋಡುವುದು ನನ್ನನ್ನು ಆಗದಿರಲಿ ಎಂದಿತು. ಮನಸ್ಸಿನ ಆ ಮಾತನ್ನು ಅವನೇ ಕೇಳಿಸಿಕೊಂಡ. ಓಟ ನಿಧಾನ ಮಾಡಿ, ಎಲ್ಲರಿಗಿಂತ ಹಿಂದೆ ಉಳಿದ.

ಸ್ಟೇರಿಂಗು ಗಿರಕ್ಕನೆ ತಿರುಗಿ ಅವಳ ಬಲಗೈಯ ಮಣಿಕಟ್ಟಿಗೆ ಬಡಿದಿತ್ತು. ನೋಡುನೋಡುತ್ತ ಅದು ಬದನೆಕಾಯಿಯಷ್ಟು ದಪ್ಪವಾಯಿತು. ಜಾಸ್ತಿ ಲಗ್ಯಾ ಕ್ಯಾ, ಜೋರು ಪೆಟ್ಟಾಯಿತೇ ಎಂದು ಮುಜಮ್ಮಿಲ ತಮ್ಮಿಬ್ಬರ ಮನೆಮಾತಿನಲ್ಲಿ ಕೇಳಿದ. ಅವಳು ಹಲ್ಲು ಕಚ್ಚಿ ತಲೆ ಅಲ್ಲಾಡಿಸಿದಳು. ಶಿವಪ್ರಕಾಶನಿಗೆ ಆ ಮಾತು ಚೆನ್ನಾಗಿ ಅರ್ಥವಾಗುತ್ತಿತ್ತು, ಆದರೂ ತನ್ನನ್ನು ಹೊರಗಿಟ್ಟರೆಂದು ಅಂಥ ಹೊತ್ತಿನಲ್ಲೂ ಒಂದು ಹುಳಿ ತೇಗು ಬಂತು. ಎಂಥ ಮನುಷ್ಯ ನಾನು ಎಂದುಕೊಂಡ. ಅಂದುಕೊಂಡದ್ದರಲ್ಲೂ ಒಂದು ಬಗೆಯ ಹೆಮ್ಮೆ ಇತ್ತು: ಇವರಲ್ಲಿ ಯಾರಿಗೂ ಇಲ್ಲದ ಆಳ ತನ್ನ ಕೆಟ್ಟತನಕ್ಕೆ ಇದೆ ಎಂಬಂತೆ. ಆಳಂದದ ಡಾಕ್ಟರು ಫೋಟೋ ತೆಗೆಸಿ, ಎಲುಬು ಮುರಿದಿಲ್ಲ, ನರ ಹಿಗ್ಗಿದೆ, ಪಟ್ಟಿ ಕಟ್ಟಿದ್ದೇನೆ, ಹದಿನೈದು ದಿನ ಕೈ ಅಲುಗಿಸಬಾರದು ಎಂದರು. ನಾಡಿದ್ದರ ಸ್ಪರ್ಧೆಗೆ ಓಡಿಸುವವರು ಯಾರೆಂದು ದವಾಖಾನೆಯ ಬೆಂಚಿನಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

ಮಿಲ್ಲಿಗೆ ಮರಳಿ, ಕಲ್ಲಿಗೆ ತಾಗಿ ಬಾಗಿದ ಸ್ಟೇರಿಂಗಿನ ರಾಡು ಬದಲಿಸುವಾಗ, ಮುಜಮ್ಮಿಲ ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಎದ್ದು ಹೋಗಿ ಲೆವೆಲ್ ಪಟ್ಟಿ ತಂದ. ಅಡ್ಡಕ್ಕೆ ಇಟ್ಟ. ಗುಳ್ಳೆ ಗೇಟಿನ ಕಡೆ ಓಡಿ ಅಲ್ಲೇ ನಿಂತಿತು. ಇನ್ನೊಂದು ಜಾಗದಲ್ಲಿ ಇಟ್ಟ, ಮತ್ತೊಂದು ಜಾಗದಲ್ಲಿ ಇಟ್ಟ. ಆಮೇಲೆ ಪಟ್ಟಿಯ ಹತ್ತಿರವೇ ಕುಕ್ಕರುಗಾಲಿನಲ್ಲಿ ಕೂತು ತಲೆಯ ಮೇಲೆ ಕೈ ಹೊತ್ತುಕೊಂಡ. ತಪ್ಪು ನನ್ನದು, ನಾಯಕನಾದವನು ಅಡ್ಡಕ್ಕೂ ಇಟ್ಟು ನೋಡಬೇಕಿತ್ತು, ಫೋನು ಬಂತೆಂದು ಬಿಟ್ಟೆ ಎಂದ. ದೊಡ್ಡಪ್ಪನವರು ಬಂದು ನೋಡಿ ಹಣೆಯ ಬೆವರು ಒರೆಸಿಕೊಳ್ಳುತ್ತ, ತಪ್ಪು ನನ್ನದಪ್ಪ, ಸಪಾಟ ಇದೆ ಎಂದು ನಾನೇ ಬಡಾಯಿ ಕೊಚ್ಚಿದೆ, ನೀರು ಹೋಗಲೆಂದು ನಮ್ಮಪ್ಪ ಇಳಿಜಾರು ಕೊಡಿಸಿದ್ದು ಮರೆತೇ ಹೋಗಿತ್ತು ಎಂದರು. ಭಗವಂತ, ಗಾಲಿ ಸೊಟ್ಟ ಕಾಣುತ್ತದೆಂದು ಬೆಳಿಗ್ಗೆಯೇ ಅನಿಸಿತ್ತು, ಗಟ್ಟಿಯಾಗಿ ಹೇಳಬೇಕಿತ್ತು ಎಂದ. ಫರಹೀನ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಆನಿಸಿಕೊಂಡು, ಎಳೆಯುವುದು ತಿಳಿದೂ ವೇಗ ಏರಿಸಿದೆನಲ್ಲ, ನನ್ನದೇ ತಪ್ಪು ಎಂದಳು. ಊಟದ ಕಡೆಯ ರೊಟ್ಟಿಯನ್ನು ಒಬ್ಬರ ತಟ್ಟೆಯಿಂದ ಒಬ್ಬರು ಎಳೆದುಕೊಳ್ಳುವ ಹಾಗೆ ತಪ್ಪನ್ನು ಹಂಚಿಕೊಳ್ಳುತ್ತಿದ್ದರು. ಶಿವಪ್ರಕಾಶ ಅವರ ನಡುವೆ ನಿಂತು ನೋಡಿದ. ಇಷ್ಟು ಸುಲಭವೇ ಇವರಿಗೆ? ಆ ತಪ್ಪು ಅವನ ಸ್ವತ್ತು, ಬೆಳಿಗ್ಗೆಯಿಂದ ಒಬ್ಬನೇ ಹೊತ್ತು ತಿರುಗಿದ್ದು. ಒಪ್ಪಿಕೊಂಡರೆ ಮುಖಕ್ಕೆ ಉಗುಳಿಯಾರು, ಹೊಡೆದಾರು, ತಂಡದಿಂದ ತೆಗೆದುಹಾಕಿಯಾರು. ಹಾಕಲಿ. ಕಡೆಗೆ ನಾನು ಯಾರೆಂದಾದರೂ ಇವರಿಗೆ ತಿಳಿದೀತು.

"ನನಗ ಗೊತ್ತಿತ್ತು," ಎಂದ.

ಮುಜಮ್ಮಿಲ ತಲೆಯೆತ್ತಿದ.

"ಅಡ್ಡಕ ಇಳಕ ಐತಂತ. ಸಣ್ಣಾಂವ ಇದ್ದಾಗಿಂದ ಗೊತ್ತದ. ನೀ ಮುಂಜಾನೆ ಕೇಳ್ದಾಗ, ಗೊತ್ತಿದ್ದ ಹ್ಞೂಂ ಅಂದೆ."

ಮುಜಮ್ಮಿಲನ ದಣಿದ ಮುಖದಲ್ಲಿ, ಇಡೀ ಮಧ್ಯಾಹ್ನ ಇಲ್ಲದ ನಗು ಮೂಡಿತು. "ಬಿಡ್ಲೇ ಶಿವ್ಯಾ," ಎಂದ. "ಗೊತ್ತಿದ್ದದ್ದು ಹೇಳ್ಲಾರದ ಒಂದ್ ದಿನಾನರೆ ಇದ್ದೀಯೇನು ನೀ? ಗಾಲಿಗಿ ಸೊಟ್ಟ ಅಂದ್ರ ಸೈತ ಸುಮ್ಕ ಬಿಡಾವಲ್ಲ. ಇಂಥಾದ್ದು ಗೊತ್ತಿದ್ರ ಇಡೀ ಆಳಂದಕ್ಕ ಡಂಗುರ ಹೊಡೀತಿದ್ದಿ." ಭಗವಂತ ಕಿಸಕ್ಕನೆ ನಕ್ಕ. ದೊಡ್ಡಪ್ಪನವರೂ ನಕ್ಕು, ನಮ್ಮವನಿಗೆ ಗೊತ್ತಿಲ್ಲ ಅನ್ನಿಸಿಕೊಳ್ಳುವುದೆಂದರೆ ಮೊದಲಿಂದಲೂ ಆಗಿಬರದು, ಸಾಲಿಯಲ್ಲೂ ಹೀಗೇ, ಎಲ್ಲ ಮುಗಿದ ಮೇಲೆ ನನಗೆ ಗೊತ್ತಿತ್ತು ಎನ್ನುತ್ತಿದ್ದ ಎಂದರು. ಇದ್ದ ಮಾತು. ಎಷ್ಟು ಸಲ ಅಂದಿದ್ದ, ಎಷ್ಟು ಸಲ ಅದು ಬರೀ ಸುಳ್ಳಾಗಿತ್ತು.

ಖರೇ ಹೇಳುತ್ತಿದ್ದೇನೆ ಎಂದ ಶಿವಪ್ರಕಾಶ, ದನಿ ಅವನಿಗೇ ಬೇಡದಷ್ಟು ಕೀರಲಾಗಿತ್ತು. ಫರಹೀನಳ ಕಡೆ ತಿರುಗಿದ. ಅವಳಾದರೂ ನಂಬಬೇಕು, ಊದಿದ ಕೈ ಅವಳದು. "ನಿನಗ ಸೀಟು ಕೊಟ್ರಂತ ನನಗ ಸಿಟ್ಟಿತ್ತು. ಅದಕ್ಕ ಸುಮ್ಕಿದ್ದೆ. ಕೈ ಸಡ್ಲ ಬಿಡು ಅಂದಿದ್ದೂ ಅದಕ್ಕ."

ಅವಳು ಅವನನ್ನು ದಿಟ್ಟಿಸಿ ನೋಡಿದಳು. ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದವಳು ಅವಳೇ. ಗಾಡಿ ಏನು ಹೇಳುತ್ತದೆಂದು ಕೈಗೆ ತಿಳಿಯುತ್ತದಲ್ಲ, ಈಗ ತಿಳಿಯುತ್ತದೆ, ಈಗ ಎಂದು ಅವನು ಕಾದ. ಒಲ್ಲೆನೆನ್ನುವ ಮಗುವಿಗೆ ಅವ್ವ ಔಷಧಿ ಕುಡಿಸುವಾಗ ಮಾಡುವಂಥ ಮುಖ ಮಾಡಿ ಅವಳು ಮೆಲ್ಲಗೆ ಅಂದಳು:

"ಸಿಟ್ಟು ಬಂದಿರ್ತದ, ಯಾರಿಗ್ ಬರಂಗಿಲ್ಲ. ಆದ್ರ ಅಂಥಾದ್ದೆಲ್ಲ ನಿನ್ನ ಕಡಿಂದ ಆಗಂಗಿಲ್ಲ. ಕೈ ಸಡ್ಲ ಬಿಡೋದು ನೀ ಪುಸ್ತಕದಾಗ ಓದಿದ್ದು ಹೇಳ್ದಿ, ಅಷ್ಟ. ಇವ್ರು ಮನಸಿಗಿ ಹಚ್ಕೋಬಾರದಂತ ಎಲ್ಲಾ ನಿನ್ನ ಮ್ಯಾಲ ಹಾಕ್ಕೋಬ್ಯಾಡ. ನಾಡ್ದ ಓಡ್ಸಾವ ನೀನ, ತಲಿ ಕೆಡಿಸ್ಕೊಂಡ್ರ ಹ್ಯಾಂಗ?"

ಹೆದರಿದ್ದಾನೆ, ಓಡಿಸಲು ಹೆದರಿ ಏನೇನೋ ಹೇಳುತ್ತಿದ್ದಾನೆ ಎಂದು ಭಗವಂತ ಮುಜಮ್ಮಿಲನ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಮುಜಮ್ಮಿಲ ಎದ್ದು ಬಂದು ಶಿವಪ್ರಕಾಶನ ಹೆಗಲು ತಟ್ಟಿದ. ಹೆದರುವುದೇನಿಲ್ಲ, ಈಗ ಬೇರು ಸಿಕ್ಕಿತಲ್ಲ, ಬಲಗಾಲಿಗಳ ಕೆಳಗೆ ಹಲಗೆ ಕೊಟ್ಟು ಮಟ್ಟ ಮಾಡಿ ಹೊಸದಾಗಿ ಹೊಂದಿಸೋಣ, ಎಲ್ಲ ನಾನೇ ನೋಡುತ್ತೇನೆ ಎಂದ. ಎಲ್ಲ ನಾನೇ ಎಂಬುದನ್ನು ಒತ್ತಿ ಹೇಳಿದ. ಶಿವಪ್ರಕಾಶನಿಗೆ ಕೂಗಬೇಕೆನಿಸಿತು, ಆ ಲೆವೆಲ್ ಪಟ್ಟಿ ಎತ್ತಿ ಕಾಂಕ್ರೀಟಿಗೆ ಬಡಿಯಬೇಕೆನಿಸಿತು. ಬಡಿದರೂ ಪಾಪ, ಗಾಬರಿಯಾಗಿದ್ದಾನೆ ಎಂದು ನೀರು ತಂದುಕೊಡುವ ಜನ ಇವರು. ಗೋಲಿಯಾಟದಲ್ಲಿ ಮೋಸ ಹೋಗಿ ಅಳುತ್ತಿದ್ದ ಆ ಕಾಕಾನ ಮಕ್ಕಳನ್ನು ಈಗ ಕರೆದು ಸಾಕ್ಷಿ ಹೇಳಿಸಿದರೂ ನಂಬುವವರಲ್ಲ. ಇಷ್ಟು ದಿನ ಇವರನ್ನು ತೂಗಿ, ಅಳೆದು, ಕೆಳಗೆ ಇಟ್ಟು ನೋಡಿದ. ಅತ್ತ ಇವರು ಅವನನ್ನು ಯಾವಾಗಲೋ ಅಳೆದು ಮುಗಿಸಿದ್ದರು, ಒಂದು ಕೆಟ್ಟ ಕೆಲಸಕ್ಕೂ ಆಗದವನೆಂದು. ಅದೂ ಪ್ರೀತಿಯಿಂದ. ಅವನಿಗೆ ಅಳು ಬಂತು. ಅದನ್ನೂ ಅವರು ತಪ್ಪಾಗಿಯೇ ತಿಳಿದುಕೊಳ್ಳುತ್ತಾರೆಂದು ನುಂಗಿಕೊಂಡ.

ಹಲಗೆಗಳನ್ನು ತಂದು ಕೊಟ್ಟರು. ಅಡ್ಡಕ್ಕೆ, ಉದ್ದಕ್ಕೆ, ಮೂಲೆಗೆ ಎಲ್ಲ ಕಡೆ ಮಟ್ಟ ನೋಡಿದರು. ಅವನನ್ನು ಯಾರೂ ಏನೂ ಕೇಳಲಿಲ್ಲ. ಇನ್ನು ಅವನ ಭಾರಕ್ಕೆ ಗಾಲಿ ಹೊಂದಿಸಬೇಕು, ಸೀಟಿನಲ್ಲಿ ಕೂಡು ಎಂದರು. ಹೋಗಿ ಕೂತ. ತಿಂಗಳಿಂದ ಯಾವುದಕ್ಕೆ ಹಲ್ಲು ಕಡಿಯುತ್ತಿದ್ದನೋ ಆ ಸೀಟು ಬೆನ್ನಿಗೆ ಕಾದ ಹಂಚಿನಂತೆ ತಾಗಿತು. ಫರಹೀನ ಮೊಣಕಾಲೂರಿ ಕೂತು ಒಂದೇ ಕೈಯಿಂದ, ಎಡಗೈಯಿಂದ, ಅವನ ಬೆಲ್ಟು ಸಿಗಿಸಲು ಬಹಳ ಹೊತ್ತು ತೆಗೆದುಕೊಂಡಳು. ಬಕ್ಕಲು ಎರಡು ಸಲ ಜಾರಿತು. ಅವನು ತಾನೇ ಹಾಕಿಕೊಳ್ಳುತ್ತೇನೆ ಎನ್ನಲಿಲ್ಲ. ಅವಳ ಪಟ್ಟಿಯಿಂದ ಬರುತ್ತಿದ್ದ ಔಷಧಿಯ ವಾಸನೆಯನ್ನು ಬಾಯಿ ಮುಚ್ಚಿಕೊಂಡು ಎಳೆದುಕೊಂಡ. ಮೂರನೇ ಸಲಕ್ಕೆ ಬಕ್ಕಲು ಕಚ್ಚಿತು. ಅವಳು ಅದನ್ನು ಜಗ್ಗಿ ನೋಡಿ, ಬಿಗಿ ಆಯಿತೇನು ಎಂದು ಕೇಳಿ, ಎದ್ದು ಪಕ್ಕಕ್ಕೆ ನಿಂತಳು.

ಮುಂದಿನ ಎಡಗಾಲಿಯ ಹತ್ತಿರ ಹೊಟ್ಟೆ ಅಡಿಯಾಗಿ ಮಲಗಿದ ಮುಜಮ್ಮಿಲನ ತಲೆ ಮಾತ್ರ ಕಾಣುತ್ತಿತ್ತು. ಪಾನ ತಿರುಗಿಸುತ್ತ, ಮೇಲೆ ನೋಡದೆ ಹೇಳಿದ:

"ಶಿವ್ಯಾ, ನೀ ಏನೂ ಮಾಡಬ್ಯಾಡ. ಸ್ಟೇರಿಂಗ್ ಸೀದಾ ಹಿಡ್ಕೊಂಡು ಕೂಡು, ಅಷ್ಟ ಸಾಕು."

ಅವನು ಎರಡೂ ಕೈಯಿಂದ ಸ್ಟೇರಿಂಗು ಹಿಡಿದು, ಅಲುಗಾಡದೆ ಕೂತ.